ಚಿಂತೆ ಎಳೆಯುವ ಉಂಗುರ

ನಾನು ಸುಲಭಕ್ಕೆ ಬೆಚ್ಚಿಬೀಳುವ ಹೆಂಗಸಲ್ಲ. ಯಾದಗಿರಿ, ಶಹಾಪುರ, ಸುರಪುರದ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡಿಯೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು. ಹಿಂದಿನ ಸೀಟಿನಲ್ಲಿ ಹೆರಿಗೆಯಾದದ್ದನ್ನು ಕಂಡಿದ್ದೇನೆ. ಯಾರದೋ ಚೀಲದಿಂದ ಹಾವು ತಲೆ ಎತ್ತಿದ್ದನ್ನು ಕಂಡಿದ್ದೇನೆ. ಕುಡಿದು ಬಂದು ನನ್ನ ಮೇಲೆ ಕೈ ಎತ್ತಿದವನನ್ನು ಅದೇ ಕೈ ಹಿಡಿದು ಕೆಳಗಿಳಿಸಿದ್ದೇನೆ. ಅಂಥ ನನ್ನನ್ನು ಒಂದು ಆಟಿಕೆ ಉಂಗುರ ಕೈಕಾಲು ತಣ್ಣಗಾಗುವಂತೆ ಮಾಡಿತು. ಇವತ್ತಿಗೂ ಬಸ್ಸಿನಲ್ಲಿ ಯಾವನಾದರೂ ಕಾಲೇಜು ಹುಡುಗ ಅಂಥ ಉಂಗುರ ಟಕ್ ಟಕ್ ಅನ್ನಿಸುತ್ತ ಕೂತರೆ ನಾನು ಹೋಗಿ ಒಳಗಿಡು ಅಂತ ಗದರಿಸಿ ಬರುತ್ತೇನೆ. ಯಾಕೆ ಅಂತ ಅವನಿಗೆ ಗೊತ್ತಾಗುವುದಿಲ್ಲ.

ಎಲ್ಲ ಶುರುವಾದದ್ದು ಕುರಿಗಳಿಂದ. ಶಹಾಪುರ ದಾಟಿ ಸುರಪುರದ ಕಡೆ ಹೊರಟಿದ್ದೆವು. ರಸ್ತೆಗೆ ಕುರಿಹಿಂಡು ನುಗ್ಗಿತು, ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ನಾನು ಟಿಕೆಟ್ ಮಷಿನ್ ಹಿಡಿದು ನಡುವೆ ನಿಂತಿದ್ದೆ. ಬಿದ್ದ ರಭಸಕ್ಕೆ ಬಲಗೈ ಮಣಿಕಟ್ಟು ಸೀಟಿನ ಕಂಬಿಯಲ್ಲಿ ಸಿಕ್ಕಿ ಮುರಿಯಿತು. ಕುರಿಗಳಿಗೆ ಒಂದು ಗೀರೂ ಆಗಲಿಲ್ಲ, ಅದಕ್ಕೂ ನನಗೆ ಸಿಟ್ಟೇ.

ಪ್ಲಾಸ್ಟರ್ ಬಿಚ್ಚಿದಾಗ ಮೂಳೆ ಕೂಡಿತ್ತು, ಬೆರಳು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ರೊಟ್ಟಿ ತಟ್ಟಲು ಹೋದರೆ ಹಿಟ್ಟು ಅಂಗೈಯಿಂದ ಜಾರುತ್ತಿತ್ತು. ಚಿಲ್ಲರೆ ಎಣಿಸಲು ಹೋದರೆ ನಾಣ್ಯ ನೆಲಕ್ಕೆ. ಡಿಪೋದಲ್ಲಿ ಸ್ಪಷ್ಟವಾಗಿ ಹೇಳಿದ್ದರು: ವೈದ್ಯರು ಕೈ ನೋಡಿ ಸರಿಯಿದೆ ಅಂದರೆ ಮಾತ್ರ ಬಸ್ಸು, ಇಲ್ಲವಾದರೆ ಆಫೀಸಿನಲ್ಲಿ ಕುರ್ಚಿ. ಕುರ್ಚಿ ಸಿಕ್ಕರೆ ಖುಷಿಪಡುವವರು ಬಹಳ ಮಂದಿ ಇದ್ದಾರೆ. ನನಗೆ ಬಸ್ಸಿನ ಗದ್ದಲ ಇಲ್ಲದಿದ್ದರೆ ಊಟವೇ ಇಳಿಯುವುದಿಲ್ಲ. ಸುರಪುರದ ರಂಗಂಪೇಟೆಯ ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ಅವ್ವ ಇಬ್ಬರೇ. ಅವ್ವನ ಮುಂದೆ ಈ ವಿಷಯ ಬಾಯಿಬಿಡಲಿಲ್ಲ. ರಾತ್ರಿ ಹಾಸಿಗೆಯಲ್ಲಿ ಮುಷ್ಟಿ ಕಟ್ಟಿ ಬಿಚ್ಚಿ ಮಾಡುತ್ತಿದ್ದೆ, ಅವ್ವ ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದೆ.

ಶಹಾಪುರದಲ್ಲಿ ಓದುವ ನನ್ನ ತಂಗಿಯ ಮಗಳು ಒಂದು ರವಿವಾರ ಬಂದವಳು ನನ್ನ ಕೈಗೆ ಮೂರು ಉಂಗುರ ಹಾಕಿದಳು. ಕಪ್ಪು ಬಣ್ಣದವು, ದಪ್ಪಗೆ, ನುಣ್ಣಗೆ. ಒಂದೊಂದನ್ನು ಒಂದೊಂದು ಬೆರಳಿಗೆ ಹಾಕಿ ಒಂದನ್ನು ತಿರುಗಿಸಿದರೆ, ಮುಟ್ಟದೆಯೇ ಪಕ್ಕದ್ದೂ ತಿರುಗುತ್ತಿತ್ತು. ಮಗ್ಗುಲು ಬದಲಿಸಿದರೆ ಒಂದನ್ನೊಂದು ದೂಡುತ್ತಿದ್ದವು. ಮೇಲಕ್ಕೆ ಹಾರಿಸಿದರೆ ಗಾಳಿಯಲ್ಲೇ ಟಕ್ ಅಂತ ಕೂಡಿಕೊಂಡು ಅಂಗೈಗೆ ಬೀಳುತ್ತಿದ್ದವು. ಅವರ ಕಾಲೇಜಿನಲ್ಲಿ ಪರೀಕ್ಷೆ ಹತ್ತಿರ ಬಂದರೆ ಎಲ್ಲರ ಕೈಯಲ್ಲೂ ಇವೇ ಅಂತೆ. ಬೆರಳು ಚುರುಕಾಗುತ್ತವೆ, ಟೆನ್ಷನ್ ಕಡಿಮೆಯಾಗುತ್ತದೆ ಅಂದಳು.

ಅವ್ವ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ಇದನ್ನೆಲ್ಲ ನೋಡಿ ನಕ್ಕಳು. ಕೂದಲು ನೆರೆತ ಮೇಲೆ ಮಗಳು ಕೂಸಾದಳು, ಇನ್ನು ತೊಟ್ಟಿಲು ಕಟ್ಟಬೇಕು ಅಂತ ಗೇಲಿ ಮಾಡಿದಳು. ತಂಗಿಯ ಮಗಳು ಬಿಡುವವಳಲ್ಲ. ಅವ್ವನ ಸೆರಗಿನ ಪಿನ್ನು ಕಿತ್ತು ನೆಲದ ಮೇಲಿಟ್ಟು, ಉಂಗುರ ಹತ್ತಿರ ಒಯ್ದಳು. ಪಿನ್ನು ಸರ್ರನೆ ಬಂದು ಅಂಟಿತು.

"ನೋಡು ಆಯಿ, ಪಿನ್ನ ಹೆಂಗ ಎಳಕೊಂತು? ದೊಡ್ಡವ್ವನ ಚಿಂತಿನೂ ಹಿಂಗೇ ಎಳಕೊಂತದ."

"ಎಳಕೊಂಡ ಚಿಂತಿ ಎಲ್ಲಿ ಹೋಗ್ತದ ಮತ್ತ?"

"ಎಲ್ಲಿ ಹೋಗ್ತದ? ಉಂಗುರದಾಗೇ ಇರ್ತದ."

ಹುಡುಗಿ ನಕ್ಕಳು, ನಾನೂ ನಕ್ಕೆ. ಅವ್ವ ನಗಲಿಲ್ಲ. ಪಿನ್ನು ವಾಪಸ್ಸು ಇಸಿದುಕೊಂಡು ಸೆರಗಿಗೆ ಚುಚ್ಚಿಕೊಂಡಳು.

ಇಲ್ಲಿ ಅವ್ವನ ಎದೆಯ ವಿಷಯ ಹೇಳಲೇಬೇಕು. ಅದರ ಹಿಂದಿನ ವರ್ಷ ಅವಳು ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಕಲಬುರಗಿಗೆ ಒಯ್ದಾಗ ಎದೆಬಡಿತ ನಿಧಾನವಾಗಿದೆ ಅಂತ ಎಡಭುಜದ ಕೆಳಗೆ, ಚರ್ಮದ ಒಳಗೆ, ಪೇಸ್‌ಮೇಕರ್ ಕೂರಿಸಿದರು. ನಮ್ಮ ಓಣಿಯಲ್ಲಿ ಅದಕ್ಕೆ ಎದಿ ಮಷಿನ್ ಅನ್ನುತ್ತಾರೆ. ಬಿಡುಗಡೆ ಮಾಡುವಾಗ ಡಾಕ್ಟರು ಹೇಳಿದ್ದರು: ವೆಲ್ಡಿಂಗ್ ನಡೆಯುವಲ್ಲಿ ನಿಲ್ಲಬೇಡಿ, ದೊಡ್ಡ ಸ್ಪೀಕರ್ ಹತ್ತಿರ ಹೋಗಬೇಡಿ, ಅಯಸ್ಕಾಂತ ದೂರವಿಡಿ, ಮೊಬೈಲ್ ಎಡಗಡೆ ಇಟ್ಟುಕೊಳ್ಳಬೇಡಿ. ಮುದುಕಿಗೂ ವೆಲ್ಡಿಂಗಿಗೂ ಏನು ಸಂಬಂಧ ಅಂತ ನಾವು ದಾರಿಯುದ್ದಕ್ಕೂ ನಕ್ಕಿದ್ದೆವು. ನಮಗೆ ಅರ್ಥವಾದದ್ದು ಮೊಬೈಲ್ ಒಂದೇ. ಅವ್ವ ಸೀರೆಯೊಳಗೆ ತೊಡುವ ತನ್ನ ಎಲ್ಲ ಜಂಪರಿಗೂ ಎಡಗಡೆ ಒಳಗೆ ಒಂದು ಕಿಸೆ ಹೊಲಿದುಕೊಂಡಿರುತ್ತಾಳೆ. ಮೊಬೈಲ್, ಬೀಗದ ಕೈ, ಅಡಿಕೆ, ಎಲ್ಲ ಅದರಲ್ಲೇ. ಆಪರೇಷನ್ ಆದ ಮೇಲೆ ಎಲ್ಲವನ್ನೂ ಸೊಂಟದ ಸಂಚಿಗೆ ಬದಲಾಯಿಸಿದಳು. ಎಡಗಿಸೆ ಖಾಲಿ ಉಳಿಯಿತು.

ನಾನು ಬೆಳಗ್ಗೆ ಸಂಜೆ ಉಂಗುರ ತಿರುಗಿಸಿದೆ. ಮೊದಮೊದಲು ದಿನಕ್ಕೆ ನೂರು ಸಲ ಬೀಳಿಸಿ, ಬೈದು, ಎತ್ತಿಕೊಳ್ಳುತ್ತಿದ್ದೆ. ಆಮೇಲೆ ಬೆರಳು ಒಂದೊಂದಾಗಿ ನೆನಪು ಮಾಡಿಕೊಂಡವು. ಹೆಬ್ಬೆರಳಿಂದ ಕಿರುಬೆರಳಿಗೆ ಉಂಗುರ ದಾಟಿಸುವುದು ಬಂತು. ಅಷ್ಟರಲ್ಲಿ ಒಂದು ದಿನ ನೋಡುತ್ತೇನೆ, ಎರಡೇ ಇವೆ. ಹಾಸಿಗೆ ಕೊಡವಿದೆ, ಜೋಳದ ಡಬ್ಬಿಯ ಹಿಂದೆ ಹುಡುಕಿದೆ, ಪಕ್ಕದ ಮನೆಯ ಬೆಕ್ಕಿಗೂ ಬೈದೆ. ಅವ್ವ ನನ್ನ ಜೊತೆ ಬಗ್ಗಿ ಬಗ್ಗಿ ಹುಡುಕಿದಳು. ಸಿಗಲಿಲ್ಲ. ಎರಡರಲ್ಲೇ ಮುಂದುವರಿಸಿದೆ. ಆ ದಿನಗಳಲ್ಲೇ ಬೆರಳು ಚಿಲ್ಲರೆ ಎಣಿಸುವಷ್ಟು ಹಗುರಾದವು.

ಅದಾದ ಮೇಲೆಯೇ ಅವ್ವನ ಎದೆ ಹಾರಲು ಶುರುವಾಯಿತು. ರೊಟ್ಟಿ ಬಡಿಯುತ್ತ ಕೂತವಳು ಸುಮ್ಮನೆ ಕೈ ನಿಲ್ಲಿಸಿ ಗೋಡೆಗೆ ಒರಗುತ್ತಿದ್ದಳು. ಏನಾಯಿತು ಅಂದರೆ ಏನಿಲ್ಲ. ನಾನೇ ಮಣಿಕಟ್ಟು ಹಿಡಿದು ನೋಡಿದೆ. ಕೂತವಳ ನಾಡಿ ಓಡಿಬಂದವಳ ಹಾಗೆ ಹೊಡೆಯುತ್ತಿತ್ತು, ಅದೂ ಒಂದೇ ಸಮನೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಮಷಿನ್ ಕೆಟ್ಟಿತು ಅಂದುಕೊಂಡೆ. ಕೆಟ್ಟರೆ ಅವ್ವ ಉಳಿಯುವುದಿಲ್ಲ, ಅಷ್ಟು ನನಗೆ ಗೊತ್ತಿತ್ತು.

ಸುರಪುರದಲ್ಲೇ ಒಬ್ಬ ಡಾಕ್ಟರ ಹತ್ತಿರ ಒಯ್ದೆ. ಅವರೂ ನಾಡಿ ಹಿಡಿದು ಹುಬ್ಬು ಏರಿಸಿದರು. ಜಂಪರ್ ಬಿಚ್ಚಿಸಿ, ಮಲಗಿಸಿ, ವೈರು ಹಚ್ಚಿ ಇಸಿಜಿ ತೆಗೆದರೆ ಎಲ್ಲ ಸರಿಯಾಗಿದೆ! ಭಯಕ್ಕೆ ಹಾಗಾಗಿರಬೇಕು, ಮಲಗಿದ ಕೂಡಲೇ ಇಳಿಯಿತು ಅಂದರು. ಬೇರೆ ಏನಾದರೂ ತೊಂದರೆ ಇದೆಯೇ ಅಂತ ಅವ್ವನನ್ನು ಕೇಳಿದರು. ಅವ್ವ ಇಲ್ಲ ಅಂತ ತಲೆಯಾಡಿಸಿದಳು. ಮನೆಗೆ ಬಂದು ಅರ್ಧ ಗಂಟೆ ಆಗಿರಲಿಲ್ಲ, ಮತ್ತೆ ಅದೇ. ಜಳಕ ಮಾಡುವಾಗಷ್ಟೇ ಹಗುರಾಗುತ್ತದೆ ಅಂದಳು. ಹಾಗಾದರೆ ದಿನವಿಡೀ ಬಚ್ಚಲಲ್ಲೇ ಕೂತಿರು ಅಂತ ರೇಗಿದೆ. ಹೆದರಿಕೆಯಾದಾಗ ನನಗೆ ಬರುವುದು ಸಿಟ್ಟೇ.

ನಾಲ್ಕಾರು ದಿನ ಹೀಗೆ ಹೋಯಿತು. ಒಂದು ಮುಂಜಾನೆ ಅಂಗಳದಲ್ಲಿ ನೀರು ತುಂಬುತ್ತಿದ್ದವಳು ಕೊಡ ಸಮೇತ ಕುಸಿದಳು. ಪ್ರಜ್ಞೆ ತಪ್ಪಿರಲಿಲ್ಲ, ಆದರೆ ತುಟಿ ಬಿಳಿಚಿತ್ತು, ಮಾತು ತೊದಲುತ್ತಿತ್ತು. ಅಕ್ಕಪಕ್ಕದವರು ಗಾಡಿ ತಂದರು. ಕಲಬುರಗಿವರೆಗೆ ತಾಳುತ್ತಾಳೋ ಇಲ್ಲವೋ, ಮೊದಲು ಯಾದಗಿರಿಯಲ್ಲಿ ಇಳಿಸೋಣ ಅಂದೆ. ಎಷ್ಟೋ ವರ್ಷ ಸ್ಟಾಪು ಕೂಗಿಕೊಂಡು ಹೋದ ದಾರಿ ಅದು. ಅವತ್ತು ಒಂದೊಂದು ಊರು ದಾಟುವುದಕ್ಕೂ ನಾನು ದೇವರಿಗೆ ಬೇಡಿಕೊಂಡೆ.

ಆಸ್ಪತ್ರೆಯಲ್ಲಿ ನರ್ಸು ಲಗುಬಗೆಯಿಂದ ಅವ್ವನನ್ನು ಮಲಗಿಸಿ, ಜಂಪರ್ ಬಿಚ್ಚಿ, ಕಾಲಕಡೆಗೆ ಎಸೆದಳು. ನಾನು ಅದನ್ನು ಹಿಡಿಯಲು ಕೈ ಚಾಚಿದ್ದೆ. ಹಿಡಿಯಲಾಗಲಿಲ್ಲ. ಜಂಪರ್ ಕೆಳಗೂ ಬೀಳಲಿಲ್ಲ. ಟಕ್ ಅಂತ ಸದ್ದಾಗಿ, ಮಂಚದ ಕಬ್ಬಿಣದ ಕಂಬಿಗೆ ತಾನಾಗಿ ಅಂಟಿಕೊಂಡು ಜೋತುಬಿತ್ತು.

ಆ ಸದ್ದು ನನ್ನ ಕೈಗೆ ಗೊತ್ತಿತ್ತು. ದಿನಾ ಬೆಳಗ್ಗೆ ಸಂಜೆ ಕೇಳಿದ ಸದ್ದು. ಮೈಯೆಲ್ಲ ಒಮ್ಮೆಲೇ ತಣ್ಣಗಾಯಿತು. ನರ್ಸು ಬಾಯಿ ತೆರೆದು ಜಂಪರನ್ನೇ ನೋಡುತ್ತಿದ್ದಳು. ನಾನು ಅದನ್ನು ಎಳೆದು ಕಿತ್ತು ಎಡಗಿಸೆ ಹರಿದೆ. ಅರಿಶಿಣ ಬಣ್ಣದ ಬಟ್ಟೆಯ ಒಂದು ಸಣ್ಣ ಗಂಟು, ಅದಕ್ಕೆ ಸುತ್ತಲೂ ದಾರದ ಹೊಲಿಗೆ. ಬಿಚ್ಚಿದರೆ ಅಬ್ಬೆತುಮಕೂರು ಮಠದ ವಿಭೂತಿ ಮೆತ್ತಿದ ನನ್ನ ಕಪ್ಪು ಉಂಗುರ. ಮಷಿನ್ ಇದ್ದ ಜಾಗಕ್ಕೆ ನೇರ ಮೇಲೆ, ಹಗಲು ರಾತ್ರಿ, ಇದು ಕೂತಿತ್ತು.

ಡಾಕ್ಟರು ಉಂಗುರ ಕೈಗೆ ತೆಗೆದುಕೊಂಡು ಮೊದಲು ನಂಬಲಿಲ್ಲ. ಕಂಬಿಗೆ ಹಿಡಿದು ನೋಡಿದರು. ಆಮೇಲೆ ಅವರ ದನಿಯೇ ಬದಲಾಯಿತು. ಅಯಸ್ಕಾಂತ ಹತ್ತಿರ ಬಂದರೆ ಮಷಿನ್ ಎದೆಯ ಸ್ವಂತ ಬಡಿತ ಕೇಳುವುದನ್ನು ಬಿಟ್ಟು ತನ್ನದೇ ವೇಗದಲ್ಲಿ ಬಡಿಯುತ್ತ ಹೋಗುತ್ತದೆ, ಎರಡೂ ಒಂದಕ್ಕೊಂದು ಅಡ್ಡ ಬಂದರೆ ಜೀವಕ್ಕೇ ಅಪಾಯ ಅಂತ ತಿಳಿಸಿ ಹೇಳಿದರು. ಉಂಗುರ ದೂರವಾದದ್ದೇ ತಡ, ಬಡಿತ ಸರಿಹೋಗಿತ್ತು. ವೈರು ಹಚ್ಚಿದ ಪರದೆಯ ಮೇಲೆ ಗೆರೆ ನಿಧಾನವಾಗಿ, ನೆಟ್ಟಗೆ ನಡೆಯುತ್ತಿತ್ತು. ಹೆಚ್ಚು ದಿನ ಹೀಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಅಂದರು. ನಾನು ಮಂಚದ ಅಂಚಿಗೆ ಕೂತುಬಿಟ್ಟೆ.

ಡಾಕ್ಟರು ಆಚೆ ಹೋದದ್ದೇ ನಾನು ಅವ್ವನ ಮೇಲೆ ಹರಿಹಾಯ್ದೆ. ಹುಡುಗಿ ನಗೆಚಾಟಿಕೆಗೆ ಹೇಳಿದ ಮಾತು ನಂಬಿ ಇದನ್ನು ತಾಯಿತ ಮಾಡಿಕೊಂಡೆಯಾ, ನಿನಗೆ ಅಂಥ ಏನು ಚಿಂತೆ ಬಂದಿತ್ತು, ಸತ್ತಿದ್ದರೆ ನನ್ನ ಗತಿಯೇನು ಅಂತ ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಅವ್ವ ನನ್ನ ಸಿಟ್ಟು ಮುಗಿಯುವವರೆಗೆ ಕಾದಳು. ಆಮೇಲೆ ಮೆತ್ತಗೆ ಹೇಳಿದಳು.

"ನನ್ನ ಚಿಂತಿಗೆ ಅಲ್ಲವ್ವ ಅದು. ನೀ ರಾತ್ರೆಲ್ಲ ಮುಷ್ಟಿ ಕಟ್ಟಿ ಬಿಚ್ಚಿ ಮಾಡೋದು ನಾ ನೋಡೀನಿ. ಉಂಗುರ ನಿನ್ನ ಚಿಂತಿ ಎಳಕೊಂಡಿತ್ತಲ್ಲ, ಅದು ತಿರುಗಿ ನಿನಗ ಹತ್ತಬಾರದು ಅಂತ ನಾ ಇಟ್ಕೊಂಡೆ."

ಚಿಕ್ಕವಳಿದ್ದಾಗಿನಿಂದ, ನನಗೆ ಜ್ವರ ಬಂದರೆ ಅವ್ವ ನನ್ನ ಕೆನ್ನೆ ಸವರಿ, ತನ್ನ ಕಿವಿಯ ಹತ್ತಿರ ಬೆರಳು ಒತ್ತಿ ಲಟಿಗೆ ಮುರಿದು, ನಿನ್ನ ಬ್ಯಾನಿ ನನಗ ಬರಲಿ ಅನ್ನುತ್ತಿದ್ದಳು. ಎಲ್ಲ ತಾಯಂದಿರೂ ಅನ್ನುತ್ತಾರೆ. ಬಾಯಿಮಾತು ಅಂತ ನಾನು ತಿಳಿದಿದ್ದೆ.

ಎದೆ ಹಾರುವಾಗ ಸಂಶಯ ಬರಲಿಲ್ಲವೇ ಅಂತ ಕೇಳಿದೆ. ಬಂದಿತ್ತಂತೆ. ಕಿಸೆಯಲ್ಲಿ ಇಟ್ಟ ದಿನವೇ ಗೊತ್ತಾಗಿತ್ತಂತೆ. ಮಗಳ ಚಿಂತೆ ತನ್ನ ಎದೆಗೆ ಇಳಿಯುತ್ತಿದೆ, ಇಷ್ಟು ಹೊರೆ ಹೊತ್ತುಕೊಂಡು ಅವಳು ಹೇಗೆ ಉಂಡಳು, ಹೇಗೆ ನಕ್ಕಳು ಅಂತ ಅಂದುಕೊಂಡಳಂತೆ. ಅದಕ್ಕೇ ಸುರಪುರದ ಡಾಕ್ಟರಿಗೂ ಬಾಯಿಬಿಡಲಿಲ್ಲ. ಹೇಳಿದರೆ ತೆಗೆಸುತ್ತಾರೆ.

"ಗೊತ್ತಿದ್ದೂ ಯಾಕ ತಗೀಲಿಲ್ಲ, ಯವ್ವಾ?"

"ನಿನ್ನ ಬೆರಳು ಹಗುರ ಆಗಾಕತ್ತಿದ್ವಲ್ಲ."

ಬೆರಳು ಹಗುರಾದದ್ದು ನಿಜ. ಉಂಗುರ ಕಳೆದುಹೋದ ಆ ದಿನಗಳಲ್ಲೇ ಆದದ್ದೂ ನಿಜ. ಅದು ದಿನಾ ತಿರುಗಿಸಿದ್ದಕ್ಕೆ ಆದದ್ದು ಅಂತ ನಾನು ಎಷ್ಟು ಬಿಡಿಸಿ ಹೇಳಿದರೂ ಅವ್ವ ಹೂಂ ಅಂದಳೇ ಹೊರತು ನಂಬಲಿಲ್ಲ. ಉಂಗುರವನ್ನು ಆಸ್ಪತ್ರೆಯ ಕಸದ ಬುಟ್ಟಿಗೆ ಹಾಕಲು ಹೋದರೆ ತಡೆದಳು. ಯಾರಾದರೂ ಎತ್ತಿಕೊಂಡರೆ ಅವರಿಗೆ ಹತ್ತುತ್ತದೆ, ಹರಿಯುವ ನೀರಿಗೇ ಬಿಡಬೇಕು ಅಂದಳು. ವಾದ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ವಾಪಸ್ಸು ಬರುವಾಗ ಭೀಮಾ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಹೊಳೆಗೆ ಎಸೆದೆ. ಉಳಿದ ಎರಡನ್ನು ಮಾರನೆಯ ದಿನ ತಂಗಿಯ ಮಗಳಿಗೆ ವಾಪಸ್ಸು ಕೊಟ್ಟೆ. ವಿಷಯ ಕೇಳಿ ಆ ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಡಿಪೋದ ವೈದ್ಯರು ನನ್ನ ಕೈ ನೋಡಿ ಸರಿಯಿದೆ ಅಂದರು. ನಾನು ಮತ್ತೆ ಬಸ್ಸು ಹತ್ತಿದೆ. ಮತ್ತೆ ಚಿಲ್ಲರೆಗೆ ಜಗಳ, ಬಾಗಿಲಲ್ಲಿ ನಿಂತವರನ್ನು ಒಳಗೆ ದಬ್ಬುವ ಕೆಲಸ. ಬೆರಳು ಮೊದಲಿಗಿಂತ ಚುರುಕಾಗಿವೆ.

ಅವ್ವ ಚೆನ್ನಾಗಿದ್ದಾಳೆ. ಜಂಪರಿನ ಎಡಗಿಸೆಗಳನ್ನೆಲ್ಲ ನಾನೇ ಕೂತು ಬಾಯಿ ಮುಚ್ಚಿ ಹೊಲಿದಿದ್ದೇನೆ. ಆದರೆ ಅವಳು ಮೊದಲಿನ ಹಾಗೆ ನಿಶ್ಚಿಂತೆಯಾಗಿ ಮಲಗುವುದಿಲ್ಲ. ಡ್ಯೂಟಿ ಮುಗಿಸಿ ಬಂದು ನಾನು ಕಾಲು ತೊಳೆಯುವುದರೊಳಗೆ ಬಾಗಿಲಿಗೆ ಬರುತ್ತಾಳೆ. ಒಂದು ಕೈ ತನ್ನ ಎಡಭುಜದ ಕೆಳಗೆ ಇಟ್ಟುಕೊಂಡಿರುತ್ತಾಳೆ, ಇನ್ನೊಂದರಿಂದ ನನ್ನ ಮಣಿಕಟ್ಟು ಹಿಡಿಯುತ್ತಾಳೆ. ದಿನಾ ಅದೇ ಮಾತು ಕೇಳುತ್ತಾಳೆ.

"ನನ್ನ ಎದಿ ಸುಮ್ಮನಾಗ್ಯಾದ. ನಿಂದು ಹೆಂಗದ?"