ಸಂಡೂರಿನ ಕೆಂಪು ತಟ್ಟೆ

ಚಿತ್ತವಾಡ್ಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಂದು ನಾನು, ಅತ್ತೆ ಮತ್ತು ಸಂಡೂರಿನಿಂದ ಬಂದಿದ್ದ ನೆಗೆಣ್ಣಿ, ಮೈದುನನ ಹೆಂಡತಿ ಸುಧಾ ಕುಳಿತಿದ್ದೆವು. ನಾನೂ ಸುಧಾಳೂ ಒಣಗಿದರೆ ಗಾಜಿನಂತೆ ಗಟ್ಟಿಯಾಗುವ ರೆಸಿನ್ ಅಂಟನ್ನು ಅಚ್ಚಿಗೆ ಸುರಿದು ಮಾಡಿದ ಒಂದೊಂದು ತಟ್ಟೆ ಅತ್ತೆಯ ಮುಂದಿತ್ತು. ಗೌರಿಹಬ್ಬಕ್ಕೆ ಬರುವ ಮುತ್ತೈದೆಯರಿಗೆ ಅರಿಶಿನ-ಕುಂಕುಮ ಕೊಡಲು ಅತ್ತೆ ಅದರಲ್ಲೊಂದನ್ನು ಆರಿಸಬೇಕಿತ್ತು.

ಸುಧಾಗೆ ಈ ಕೆಲಸ ಕಲಿಸಿದವಳೇ ನಾನು. ನನ್ನ ತಟ್ಟೆಗೆ ಪೇಟೆಯಿಂದ ತರಿಸಿದ ನವಿಲುನೀಲಿ ಬಣ್ಣ ಹಾಕಿದ್ದೆ. ಅವಳು ಹಾಕಿದ್ದು ತಮ್ಮೂರಿನ ಕೆಂಪು ಅದಿರಿನ ಮಣ್ಣು, ಹಳೆಯ ಸೀರೆಯಲ್ಲಿ ಸೋಸಿದ್ದು. ಅವಳು ಕಳಿಸಿದ್ದ ಫೋಟೊ ಮೊದಲೇ ನೋಡಿದ್ದ ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗಿತ್ತು. ನನ್ನದು ಇನ್ನೂ ಗಾಢವಾಗಿ ಕಾಣಲೆಂದು ಬಣ್ಣವನ್ನು ಎರಡರಷ್ಟು ಸುರಿದಿದ್ದೆ.

ಅತ್ತೆ ಮೊದಲು ನನ್ನ ತಟ್ಟೆಯನ್ನೇ ಎತ್ತಿಕೊಂಡರು. ಹೆಬ್ಬೆರಳು ಅಂಟಿಕೊಂಡಿತು.

"ಏನವ್ವಾ, ನಿನ್ನ ಪಾಕ ಇನ್ನಾ ಹದಕ್ಕ ಬಂದಿಲ್ಲೇನ? ಬೆರಳ ಬಿಡವಲ್ದು!"

ಸುಧಾ ಓಡಿಹೋಗಿ ಕೊಬ್ಬರಿಎಣ್ಣೆ ತಂದು ಅವರ ಬೆರಳು ತಿಕ್ಕತೊಡಗಿದಳು. "ಅಕ್ಕಾ, ಬಣ್ಣ ಭಾಳ ಆದ್ರ ಗಟ್ಟಿ ಆಗಂಗಿಲ್ಲಂತ ನೀವ ಹೇಳಿಕೊಟ್ಟಿದ್ರಲ್ರಿ!" ಎಂದಳು. ಅವಳ ಮಾತಿನಲ್ಲಿ ಕೊಂಕೇ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಹಬ್ಬದ ದಿನ ಕೆಂಪು ತಟ್ಟೆ ಹಿಡಿದು ಕುಂಕುಮ ಕೊಟ್ಟವಳು ಹಿರಿಸೊಸೆಯಾದ ನಾನೇ. ಬಂದವರೆಲ್ಲ ತಟ್ಟೆಯನ್ನು ಹೊಗಳುವವರೇ. "ನಮ್ಮ ಸುಧಾ ಮಾಡ್ಯಾಳ್ರಿ" ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಮರುವಾರ ಆ ಕೆಂಪು ಮಣ್ಣು ತುಂಬಿಕೊಂಡು ಬರಲೆಂದು ಖಾಲಿ ಡಬ್ಬಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಸಂಡೂರಿನ ಬಸ್ಸು ಹತ್ತಿದೆ.