ಮೂರನೇ ತಿಂಗಳ ಮಾತ್ರೆ

ರಾಮಕುಂಜದ ಅಂಗನವಾಡಿಯಲ್ಲಿ ನಾನು, ಊರಿನ ನರ್ಸ್, ಬಸುರಿಯರು ನುಂಗಬೇಕಾದ ಫೋಲಿಕ್ ಆಸಿಡ್ ಮಾತ್ರೆಯ ಬಗ್ಗೆ ಭಾಷಣ ಮಾಡುತ್ತಿದ್ದೆ. "ತಾಯಿ ಅಸಡ್ಡೆ ಮಾಡಿದರೆ ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ," ಎಂದು ಗದರಿಸಿಯೂ ಬಿಟ್ಟೆ.

ಹಿಂದಿನಿಂದ ಒಬ್ಬಳು ಎದ್ದಳು. ಸೊಂಟದ ಮೇಲಿದ್ದ ಮಗಳ ಕಾಲುಗಳು ಬಲವಿಲ್ಲದೆ ಜೋತಾಡುತ್ತಿದ್ದವು. ಬೆನ್ನುಹುರಿ ಮುಚ್ಚದೆ, ಹುಟ್ಟುವಾಗಲೇ ಬೆನ್ನಲ್ಲಿ ಗಂಟಿದ್ದ ಮಗು ಅದು.

"ಬೆನ್ನುಹುರಿ ಮುಚ್ಚುದು ಯಾವಾಗ ಮೇಡಂ?"

"ಮೊದಲ ತಿಂಗಳಲ್ಲೇ. ಬಸುರಿ ಅಂತ ಗೊತ್ತಾಗುವ ಮೊದಲೇ."

"ನೀವು ನನಗೆ ಮಾತ್ರೆ ಕೊಟ್ಟದ್ದು ಮೂರನೇ ತಿಂಗಳಲ್ಲಿ. ಒಂದು ದಿನವೂ ತಪ್ಪಿಸ್ಲಿಲ್ಲ. ಆದ್ರೂ ನಿಮ್ಮ ಭಾಷಣ ಕೇಳಿದ ಅತ್ತೆ ಇವತ್ತಿಗೂ ಬೈಯುದು ನನಗೇ."

ಅಂದೇ ಸಂಜೆ ಅವಳ ಮನೆಗೆ ಹೋಗಿ, ತಪ್ಪು ಸೊಸೆಯದ್ದಲ್ಲ ಎಂದೆ.

"ಮತ್ತೆ ಯಾರದ್ದು ಮಾರಾಯ್ರೆ?" ಅತ್ತೆ ಕೇಳಿದರು.