ನನ್ನ ಆಟ, ಮೈದುನನ ದನಿ

ಈದ್ ರಜೆಯಲ್ಲಿ ಮೈದುನನನ್ನು ಊಟಕ್ಕೆ ಕರೆದದ್ದು ಪ್ರೀತಿಯಿಂದಲ್ಲ. ನಾಲ್ಕು ಜನರ ಮುಂದೆ ಅವನನ್ನು ಕೆಡವಬೇಕು ಎಂದೇ ಕರೆದಿದ್ದೆ.

ಈ ಕೊಲ್ಲಿ ದೇಶದಲ್ಲಿ ನನಗೆ ಸೀಫ್‌ನ ಕಚೇರಿಯೊಂದರಲ್ಲಿ ಕೆಲಸ, ಮನೆ ಜಿಂಜ್‌ನಲ್ಲಿ. ಗಂಡ ತಮಗೆಂದು ತಂದ ವಿಡಿಯೋ ಗೇಮ್ ಕನ್ಸೋಲ್ ಮೂಲೆ ಸೇರಿದಾಗ ಅದನ್ನು ಎತ್ತಿಕೊಂಡವಳು ನಾನು. ಕತ್ತಿ ಹಿಡಿದ ಹೆಣ್ಣೊಬ್ಬಳು ರಾಕ್ಷಸರನ್ನು ಎದುರಿಸುವ ಆಟ. ಒಂದೂ ಪೆಟ್ಟು ತಿನ್ನದೆ ಕೊನೆಯ ರಾಕ್ಷಸನನ್ನು ಕೊಲ್ಲಬೇಕೆಂಬ ಹಟ ಹತ್ತಿತು. ಆಡಿದ್ದನ್ನು ಮತ್ತೆ ನೋಡಿ ತಿದ್ದಿಕೊಳ್ಳಲು ಕ್ಯಾಪ್ಚರ್ ಕಾರ್ಡ್ ಕೊಂಡೆ. ಅದೊಂದು ಅಂಗೈಯಗಲದ ಪೆಟ್ಟಿಗೆ. ಕನ್ಸೋಲ್‌ಗೂ ಟಿವಿಗೂ ನಡುವೆ ಕೂರಿಸಿದರೆ ಆಟವೆಲ್ಲ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಆಗುತ್ತದೆ. ಮೊದಲು ಬರೀ ಕಪ್ಪು ಪರದೆ ಬರುತ್ತಿತ್ತು. ಕನ್ಸೋಲಿನಲ್ಲಿ ನಕಲು ತಡೆಯುವ ಸೆಟ್ಟಿಂಗ್ ಒಂದನ್ನು ಆಫ್ ಮಾಡಬೇಕೆಂದು ತಿಳಿಯುವಷ್ಟರಲ್ಲಿ ವಾರದ ರಜೆಯೇ ಮುಗಿದಿತ್ತು.

ಮುಹರ್ರಕ್‌ನಲ್ಲಿ ಗೆಳೆಯರ ಜೊತೆ ಇರುವ ಮೈದುನ ಒಂದು ಶುಕ್ರವಾರ ಬಂದಾಗ ನನ್ನ ಆಟ ನೋಡಿ ಬೆರಗಾದ. ಗೆಳೆಯರಿಗೆ ತೋರಿಸುತ್ತೇನೆಂದು ವಿಡಿಯೋಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದ. ಕೆಲವು ತಿಂಗಳ ನಂತರ ಕಚೇರಿಯಲ್ಲಿ ಮಂಗಳೂರಿನ ಸಹೋದ್ಯೋಗಿಯೊಬ್ಬಳು, ನಮ್ಮ ಕಡೆಯ ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆ ನೋಡು ಎಂದು ಮೊಬೈಲ್ ಚಾಚಿದಳು. ಅದು ನನ್ನ ಆಟ. ಅದರ ಜೊತೆ ಮೈದುನನ ದನಿ: "ಈಗ ನೋಡಿ, ನಾನು ಎಡಕ್ಕೆ ಹಾರ್ತೇನೆ."

ತನ್ನದೇ ಚಾನೆಲ್ ತೆರೆದು ಎಲ್ಲವನ್ನೂ ಅದರಲ್ಲಿ ಹಾಕಿದ್ದ. ಕೇಳಿದರೆ ಅವನಿಗೆ ನಾಚಿಕೆಯೂ ಆಗಲಿಲ್ಲ. "ಅತ್ತಿಗೆ, ಇದು ನೀವು ಆಡಿದ್ದು ಅಂದ್ರೆ ಯಾರು ನಂಬ್ತಾರೆ? ನನ್ನ ಮಾತು ಉಂಟಲ್ಲ, ಅದಕ್ಕೇ ಜನ ನೋಡುದು. ನೀವು ಆಡಿ ಕೊಡ್ತಾ ಇರಿ."

ಗಂಡ ನಕ್ಕು, ಹೆಸರು ಮನೆಯಲ್ಲೇ ಉಳಿಯಿತಲ್ಲ ಎಂದರು.

ನಾನು ಜಗಳವಾಡಲಿಲ್ಲ. ಕೇಳಿದಾಗಲೆಲ್ಲ ಹೊಸ ವಿಡಿಯೋ ಕೊಟ್ಟೆ. ಅವನು ಇನ್ನಷ್ಟು ಮೇಲಕ್ಕೆ ಹೋಗಲಿ, ಬಿದ್ದಾಗ ಚೆನ್ನಾಗಿ ನೋವಾಗಲಿ ಎಂದುಕೊಂಡೆ.

ಈದ್ ರಜೆಯ ಆ ದಿನ ಊರಿನ ಕಡೆಯ ಕುಟುಂಬಗಳನ್ನೂ ಅವನ ಗೆಳೆಯರನ್ನೂ ಕರೆದಿದ್ದೆ. ಕೋರಿ ರೊಟ್ಟಿ ಊಟವಾಯಿತು. ಆ ವಿಡಿಯೋದ ಅಂಕಲ್ ಇವರೇ, ಈಗ ಆಡಿ ತೋರಿಸುತ್ತಾರೆ ಎಂದು ಮಕ್ಕಳಿಗೆ ಹೇಳಿದೆ. ಮಕ್ಕಳು ಟಿವಿ ಮುಂದೆ ಬಂದು ಕೂತರು. ಅವನ ಮುಖ ಬಿಳಿಚಿತು. ಕೈ ಜಿಡ್ಡಾಗಿದೆ ಎಂದ, ಟಿಶ್ಯೂ ಕೊಟ್ಟೆ. ಕಂಟ್ರೋಲರ್ ಸರಿಯಿಲ್ಲ ಎಂದ, ಬೇರೆಯದು ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಆಗಲೇ ಶುರುವಾಗಿತ್ತು. ಮೈಕ್ ಕೂಡ ಆನ್ ಮಾಡಿದ್ದೆ.

ರಾಕ್ಷಸನ ಮೊದಲ ಏಟಿಗೇ ಸತ್ತ. ಮತ್ತೆ ಆಡಿದ, ಮತ್ತೆ ಸತ್ತ. ಒಮ್ಮೆಯಂತೂ ತಾನಾಗಿಯೇ ಬಂಡೆಯಿಂದ ಕೆಳಗೆ ಬಿದ್ದ.

"ಅಂಕಲ್, ಜಂಪ್ ಬಟನ್ ಯಾವುದಂತ ನಿಮ್ಗೆ ಗೊತ್ತಿಲ್ವಾ?" ಒಂದು ಪುಟ್ಟ ಹುಡುಗಿ ಗಂಭೀರವಾಗಿಯೇ ಕೇಳಿದಳು.

ಗೆಳೆಯರು ತಲೆ ತಗ್ಗಿಸಿ ನಗು ತಡೆದುಕೊಂಡರು. ಅವನು ನನ್ನತ್ತ ನೋಡಿದ. ನಾನು ಎಲ್ಲರಿಗೂ ಪಾಯಸ ಕೊಡುತ್ತಿದ್ದೆ.

ಆಮೇಲೆ ಕಂಟ್ರೋಲರ್ ತೆಗೆದುಕೊಂಡು ಕೂತೆ. ಒಂದೂ ಪೆಟ್ಟು ತಿನ್ನದೆ ಮುಗಿಸಿದೆ. ಹೊಟ್ಟೆಯೊಳಗೆ ಎಷ್ಟು ತಣ್ಣಗಾಯಿತೆಂದು ಹೇಳಲಾರೆ.

ಅಷ್ಟಕ್ಕೆ ಬಿಡಬಹುದಿತ್ತು, ಬಿಡಲಿಲ್ಲ. ನನ್ನದೇ ಚಾನೆಲ್ ತೆರೆದು, ಅವನ ನೆಪ, ಸೋಲು, ನನ್ನ ಗೆಲುವು ಎಲ್ಲವನ್ನೂ ಚೂರೂ ಕತ್ತರಿಸದೆ ಹಾಕಿದೆ. ಅವನ ಗೆಳೆಯರೇ ಅದನ್ನು ಊರೆಲ್ಲ ಹಂಚಿದರು. ಅತ್ತೆ ಉಡುಪಿಯಿಂದ ಫೋನ್ ಮಾಡಿ, ಹುಡುಗನ ಮರ್ಯಾದೆ ಹೋಯಿತು, ತೆಗೆದುಬಿಡು ಎಂದರು. ಗಂಡನೂ ಅದನ್ನೇ ಹೇಳಿದರು. ಕೊನೆಗೆ ಅವನೇ ನಮ್ಮ ಕಚೇರಿಯ ಪಾರ್ಕಿಂಗ್‌ನಲ್ಲಿ ಕಾದು ನಿಂತಿದ್ದ.

"ತಪ್ಪಾಯ್ತು ಅತ್ತಿಗೆ. ಡಿಲೀಟ್ ಮಾಡಿ."

"ಮೊದಲು ನಿನ್ನ ಚಾನೆಲಿನಲ್ಲಿ ಹೇಳು, ಆಡಿದ್ದು ಯಾರು ಅಂತ."

ಅವನು ಹೇಳಲಿಲ್ಲ, ಚಾನೆಲನ್ನೇ ಮುಚ್ಚಿದ. ನನ್ನ ವಿಡಿಯೋ ಹಾಗೆಯೇ ಇದೆ. ಈಗ ಶುಕ್ರವಾರ ಗಂಡ ಒಬ್ಬರೇ ಮುಹರ್ರಕ್‌ಗೆ ಹೋಗಿ ತಮ್ಮನ ಜೊತೆ ಉಂಡು ಬರುತ್ತಾರೆ. ನಾನು ಡಬ್ಬಿ ಕಟ್ಟಿ ಕೊಡುವುದಿಲ್ಲ.